ಅಕಾಡೆಮಿಕ್ ಸಿವಿ ಬರೆಯುವ ಕ್ರಮ: ಸಂಶೋಧನೆ ಮತ್ತು ಅಧ್ಯಾಪನಕ್ಕೆ ಅರ್ಜಿ ಹಾಕುವವರಿಗೆ ಮಾರ್ಗದರ್ಶಿ

ಪಿಎಚ್‌ಡಿ ಪ್ರವೇಶ, ಸಹಾಯಕ ಪ್ರಾಧ್ಯಾಪಕ ಹುದ್ದೆ, ಸಂಶೋಧನಾ ಸಹಾಯಕರ ಕೆಲಸ, ಫೆಲೋಶಿಪ್ ಅಥವಾ ವಿದೇಶದ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕುವವರು ತಮ್ಮ ಓದು, ಸಂಶೋಧನೆ, ಬೋಧನೆ ಮತ್ತು ಪ್ರಕಟಣೆಗಳನ್ನು ಕ್ರಮವಾಗಿ ದಾಖಲಿಸಿ ಸಲ್ಲಿಸುವ ಪತ್ರಕ್ಕೆ ಅಕಾಡೆಮಿಕ್ ಸಿವಿ ಎಂದು ಹೆಸರು. ‘ಕರಿಕ್ಯುಲಮ್ ವಿಟೇ’ ಎಂಬ ಲ್ಯಾಟಿನ್ ಪದಗಳ ಹ್ರಸ್ವರೂಪವಿದು. ‘ಬದುಕಿನ ಹಾದಿ’ ಎಂಬುದು ಅದರ ಅರ್ಥ. ಕನ್ನಡದಲ್ಲಿ ಸ್ವವಿವರ, ವ್ಯಕ್ತಿವಿವರ ಎಂಬ ಪದಗಳೂ ಬಳಕೆಯಲ್ಲಿವೆ.

ದಕ್ಷಿಣ ಬೆಂಗಳೂರು ಇಂಥ ಅರ್ಜಿಗಳಿಗೆ ದೊಡ್ಡ ಅವಕಾಶವಿರುವ ಪ್ರದೇಶ. ಜಯನಗರದಲ್ಲಿ ನ್ಯಾಷನಲ್ ಕಾಲೇಜು, ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜು ಹಾಗೂ ಒಂಬತ್ತನೇ ಬ್ಲಾಕಿನಲ್ಲಿ ಜೈನ್ ಡೀಮ್ಡ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇವೆ. ಬನಶಂಕರಿ ಮೂರನೇ ಹಂತದಲ್ಲಿ ಪಿಇಎಸ್ ವಿಶ್ವವಿದ್ಯಾಲಯ, ಎರಡನೇ ಹಂತದಲ್ಲಿ ಬಿಎನ್‌ಎಂ ತಾಂತ್ರಿಕ ಸಂಸ್ಥೆ, ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ್ ಸಂಸ್ಥೆಗಳು ಇವೆ. ಬಿಟಿಎಂ ಬಡಾವಣೆಗೆ ಹತ್ತಿರದ ಹೊಸೂರು ರಸ್ತೆಯಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯ ಮತ್ತು ನಿಮ್ಹಾನ್ಸ್ ಇವೆ. ಜೆ.ಪಿ. ನಗರದಿಂದ ಸ್ವಲ್ಪ ಮುಂದೆ ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಇದೆ. ಬೆಳಗಾವಿ, ಹುಬ್ಬಳ್ಳಿ, ಹಾಸನ, ಮೂಡುಬಿದಿರೆಯಂಥ ಊರುಗಳಿಂದ ಬಂದು ಈ ಬಡಾವಣೆಗಳ ಪಿಜಿ, ಹಾಸ್ಟೆಲುಗಳಲ್ಲಿ ಉಳಿದು ಓದುವ ಸಮಾಜದ ಮಕ್ಕಳೂ ಹಲವರು.

ವ್ಯಾಪಾರ ಅಥವಾ ಕೃಷಿಯನ್ನೇ ನೆಚ್ಚಿಕೊಂಡ ಕುಟುಂಬಗಳಿಂದ ಸಂಶೋಧನೆಗೆ ಬರುವವರು ಸಾಮಾನ್ಯವಾಗಿ ಮನೆಯಲ್ಲಿ ಆ ದಾರಿ ಹಿಡಿದ ಮೊದಲಿಗರು. ಅವರಿಗೆ ಸಿವಿಯ ಮಾದರಿ ತೋರಿಸುವವರು ಮನೆಯಲ್ಲಿ ಇರುವುದಿಲ್ಲ. ಹೀಗಾಗಿ ಎರಡು ಬಗೆಯ ನಷ್ಟವಾಗುತ್ತದೆ. ಒಳ್ಳೆಯ ಕೆಲಸ ಮಾಡಿದವರ ಕೆಲಸ ಮೂರನೇ ಪುಟದ ಮೂಲೆಯಲ್ಲಿ ಅಡಗಿ ಕುಳಿತು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಕೆಲವರು ಪುಟ ತುಂಬಿಸಲು ಸೇರಿಸಿದ ಸಾಲುಗಳು ಸಂದರ್ಶನದಲ್ಲಿ ಅವರಿಗೇ ತಿರುಗುತ್ತವೆ. ಎರಡಕ್ಕೂ ಪರಿಹಾರ ಒಂದೇ. ಸಿವಿಯ ಪ್ರತಿ ಸಾಲೂ ಒಂದು ಹೇಳಿಕೆ. ಕೇಳಿದ ಕೂಡಲೇ ತೋರಿಸಬಲ್ಲ ದಾಖಲೆ ಅದರ ಹಿಂದೆ ಇರಬೇಕು. ಅಂಥ ಸಾಲುಗಳನ್ನು ಮಾತ್ರ ಇಟ್ಟುಕೊಂಡು, ಮುಖ್ಯವಾದುದನ್ನು ಮೇಲೆ ತಂದರೆ ಸಿವಿಯ ಅರ್ಧ ಕೆಲಸ ಮುಗಿದಂತೆ.

ಬಯೋಡೇಟಾ, ರೆಸ್ಯೂಮೆ, ಸಿವಿ: ವ್ಯತ್ಯಾಸವೇನು?

ನಮ್ಮಲ್ಲಿ ಈ ಮೂರೂ ಹೆಸರುಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಮೂರರ ಉದ್ದೇಶ ಬೇರೆ ಬೇರೆ.

ಬಯೋಡೇಟಾದಲ್ಲಿ ವ್ಯಕ್ತಿಯ ಪರಿಚಯಕ್ಕೆ ಆದ್ಯತೆ. ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಊರು, ಗೋತ್ರ, ಎತ್ತರ, ಬಲ್ಲ ಭಾಷೆಗಳು ಅದರಲ್ಲಿ ಬರುತ್ತವೆ. ವಿವಾಹ ಸಂಬಂಧದ ಮಾತುಕತೆಗೆ ಅದು ಸರಿ. ಕಾಲೇಜಿನ ಆಯ್ಕೆ ಸಮಿತಿಗೆ ಈ ವಿವರಗಳು ಬೇಕಿಲ್ಲ. ರೆಸ್ಯೂಮೆ ಕಂಪನಿ ಕೆಲಸಕ್ಕೆ ಸಲ್ಲಿಸುವಂಥದು. ಒಂದು ಅಥವಾ ಎರಡು ಪುಟದಲ್ಲಿ ಆ ಕೆಲಸಕ್ಕೆ ಬೇಕಾದ ಕೌಶಲ, ಅನುಭವಗಳನ್ನಷ್ಟೇ ಹೇಳುತ್ತದೆ. ಅಕಾಡೆಮಿಕ್ ಸಿವಿ ಅಭ್ಯರ್ಥಿಯ ವಿದ್ಯಾಜೀವನದ ಪೂರ್ಣ ದಾಖಲೆ. ಕೆಲಸ ಬೆಳೆದಂತೆ ಅದೂ ಬೆಳೆಯುತ್ತದೆ. ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್‌ಡಿಗೆ ಅರ್ಜಿ ಹಾಕುವವರಿಗೆ ಎರಡು ಪುಟ ಸಾಕು. ಹತ್ತು ವರ್ಷ ಪಾಠ ಮಾಡಿ, ಲೇಖನಗಳನ್ನು ಪ್ರಕಟಿಸಿದವರಿಗೆ ಐದಾರು ಪುಟವಾದರೂ ಅಡ್ಡಿಯಿಲ್ಲ.

ಕಾಲೇಜುಗಳ ಸುತ್ತಮುತ್ತಲಿನ ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಒಂದೇ ನಮೂನೆಯಲ್ಲಿ ಹೆಸರು ಬದಲಿಸಿ ಬಯೋಡೇಟಾ ಮಾಡಿಕೊಡುವ ರೂಢಿಯಿದೆ. ‘ಮೇಲಿನ ವಿವರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ’ ಎಂಬ ಘೋಷಣೆ, ‘ಹವ್ಯಾಸ: ಸಂಗೀತ ಕೇಳುವುದು’ ಎಂಬ ಸಾಲು, ಜೀವನದ ಗುರಿಯ ಬಗೆಗಿನ ನಾಲ್ಕು ಸಾಲು ಆ ನಮೂನೆಯಿಂದ ಬಂದವು. ಅಕಾಡೆಮಿಕ್ ಸಿವಿಯಲ್ಲಿ ಇವಕ್ಕೆ ಜಾಗವಿಲ್ಲ. ಅರ್ಜಿ ನಮೂನೆಯಲ್ಲೇ ಘೋಷಣೆ ಕೇಳಿದ್ದರೆ ಅದನ್ನು ಅಲ್ಲಿ ಸಹಿ ಮಾಡಿ ಕೊಡಬೇಕು.

ಸಿವಿಯನ್ನು ಓದುವವರು ಏನನ್ನು ಹುಡುಕುತ್ತಾರೆ?

ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಜಿಗಳನ್ನು ಮೊದಲ ಹಂತದಲ್ಲಿ ನೋಡುವವರು ಅಂಕಗಳ ಪಟ್ಟಿ ಮುಂದಿಟ್ಟುಕೊಂಡಿರುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಸಂದರ್ಶನಕ್ಕೆ ಕರೆಯಬೇಕಾದವರ ಪಟ್ಟಿ ಮಾಡುವ ಕ್ರಮವನ್ನು ಅಂಕಗಳ ಮೂಲಕ ವಿವರಿಸಲಾಗಿದೆ. ವಿಶ್ವವಿದ್ಯಾಲಯಗಳಿಗೆ ಒಂದು ಕೋಷ್ಟಕ, ಕಾಲೇಜುಗಳಿಗೆ ಇನ್ನೊಂದು.

ವಿಶ್ವವಿದ್ಯಾಲಯದ ಹುದ್ದೆಗಾದರೆ ಪದವಿಗೆ ಗರಿಷ್ಠ 15, ಸ್ನಾತಕೋತ್ತರಕ್ಕೆ ಗರಿಷ್ಠ 25, ಪಿಎಚ್‌ಡಿಗೆ 30 ಅಂಕ. ಜೆಆರ್‌ಎಫ್ ಸಹಿತ ನೆಟ್‌ಗೆ 7, ನೆಟ್‌ಗೆ 5, ರಾಜ್ಯಮಟ್ಟದ ಸೆಟ್‌ಗೆ 3. ಸಂಶೋಧನಾ ಪ್ರಕಟಣೆಗಳಿಗೆ ಒಂದಕ್ಕೆ 2ರಂತೆ ಗರಿಷ್ಠ 10. ಬೋಧನೆ ಅಥವಾ ಪಿಎಚ್‌ಡಿ ನಂತರದ ಸಂಶೋಧನಾ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಪ್ರಶಸ್ತಿಗಳಿಗೆ ಗರಿಷ್ಠ 3.

ಕಾಲೇಜಿನ ಹುದ್ದೆಗಾದರೆ ಪದವಿಗೆ ಗರಿಷ್ಠ 21, ಸ್ನಾತಕೋತ್ತರಕ್ಕೆ 25, ಪಿಎಚ್‌ಡಿಗೆ 25, ಜೆಆರ್‌ಎಫ್ ಸಹಿತ ನೆಟ್‌ಗೆ 10, ನೆಟ್‌ಗೆ 8, ಸೆಟ್‌ಗೆ 5. ಪ್ರಕಟಣೆಗಳಿಗೆ ಗರಿಷ್ಠ 6, ಬೋಧನಾನುಭವಕ್ಕೆ 10, ಪ್ರಶಸ್ತಿಗಳಿಗೆ 3.

ಈ ಲೆಕ್ಕದಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕಾಲೇಜಿನ ಹುದ್ದೆಗೆ ನಿಯಮಬದ್ಧ ಪತ್ರಿಕೆಗಳಲ್ಲಿ ಬಂದ ಮೂರು ಲೇಖನಗಳಿದ್ದರೆ ಪ್ರಕಟಣೆಯ 6 ಅಂಕವೂ ಸಿಗುತ್ತದೆ. ವಿಶ್ವವಿದ್ಯಾಲಯಕ್ಕೆ ಐದು ಲೇಖನ ಸಾಕು. ದುಡ್ಡು ಕೊಟ್ಟು ಹಾಕಿಸಿದ ಹದಿನೈದು ಲೇಖನಗಳನ್ನು ಸಾಲಾಗಿ ಬರೆದರೆ ಅಂಕ ಹೆಚ್ಚುವುದಿಲ್ಲ. ಹೆಚ್ಚುವುದು ಅನುಮಾನ. ಎರಡನೆಯದಾಗಿ, ಈ ಅಂಕಗಳು ಸಂದರ್ಶನದ ಕರೆಗಷ್ಟೇ ಅನ್ವಯ. ಅಂತಿಮ ಆಯ್ಕೆ ಸಂದರ್ಶನದಲ್ಲಿ ತೋರುವ ಸಾಮರ್ಥ್ಯದ ಮೇಲೆ ಎಂದು ಅದೇ ನಿಯಮಾವಳಿ ಹೇಳುತ್ತದೆ. ಸಂದರ್ಶನದಲ್ಲಿ ಪ್ರಶ್ನೆಗಳು ಹುಟ್ಟುವುದು ಸಿವಿಯಿಂದಲೇ. ಹಾಗಾಗಿ ವಿವರಿಸಲು ಬಾರದ ಸಾಲನ್ನು ಬರೆದವರು ಕಷ್ಟದ ಪ್ರಶ್ನೆಯನ್ನು ತಾವೇ ಕರೆದುಕೊಂಡಂತಾಗುತ್ತದೆ.

ಹೊಸ ನಿಯಮಾವಳಿಯ ಕರಡನ್ನು ಯುಜಿಸಿ 2025ರ ಜನವರಿಯಲ್ಲಿ ಪ್ರಕಟಿಸಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೇಮಕಾತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಮುಖ್ಯ. ಖಾಸಗಿ ಸಂಸ್ಥೆಗಳು ತಮ್ಮದೇ ಕ್ರಮವನ್ನೂ ಇಟ್ಟುಕೊಂಡಿರುತ್ತವೆ. ಆದ್ದರಿಂದ ಅರ್ಜಿ ಹಾಕುವ ಹುದ್ದೆಯ ಅಧಿಸೂಚನೆಯಲ್ಲಿ ಯಾವ ನಿಯಮವನ್ನು ಉಲ್ಲೇಖಿಸಿದ್ದಾರೆ ಎಂಬುದನ್ನು ಓದಿ, ಅದರ ಕ್ರಮಕ್ಕೆ ತಕ್ಕಂತೆ ಸಿವಿಯ ಶೀರ್ಷಿಕೆಗಳನ್ನು ಜೋಡಿಸಬೇಕು.

ಹೆಸರು: ಮೊದಲ ಸಾಲಿನಲ್ಲೇ ಬರುವ ತೊಡಕು

ಸಿವಿಯ ಮೊದಲ ಸಾಲು ಹೆಸರು. ಸಮಾಜದ ಅನೇಕ ಮಕ್ಕಳಿಗೆ ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ತಂದೆಯ ಅಥವಾ ಊರಿನ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ‘ಜೈನ್’ ಎಂದು ಸೇರಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ಣ ಹೆಸರು ಬಂದಿರುತ್ತದೆ. ಮೊದಲ ಲೇಖನ ಒಂದು ಹೆಸರಿನಲ್ಲಿ, ಎರಡನೆಯದು ಇನ್ನೊಂದು ಹೆಸರಿನಲ್ಲಿ ಪ್ರಕಟವಾಗಿರುತ್ತದೆ. ಓದುವವರಿಗೆ ಇವರೆಲ್ಲ ಒಬ್ಬರೇ ಎಂದು ತಿಳಿಯುವ ದಾರಿಯಿಲ್ಲ.

ಅಂಕಪಟ್ಟಿಯಲ್ಲಿರುವ ಹೆಸರನ್ನೇ ಸಿವಿಯ ಮುಖ್ಯ ಹೆಸರಾಗಿ ಇಟ್ಟುಕೊಳ್ಳುವುದು ಸುರಕ್ಷಿತ. ಬೇರೆ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಹೆಸರಿನ ಕೆಳಗೆ ‘ಪ್ರಕಟಣೆಗಳಲ್ಲಿ ಇಂಥ ಹೆಸರು’ ಎಂದು ಒಂದು ಸಾಲು ಬರೆಯಬಹುದು. ಮೊದಲ ಲೇಖನ ಕಳುಹಿಸುವ ಮುನ್ನವೇ ಒಂದು ಹೆಸರನ್ನು ನಿಶ್ಚಯಿಸಿ, ಮುಂದೆ ಎಲ್ಲ ಕಡೆ ಅದನ್ನೇ ಬಳಸುವುದು ಇನ್ನೂ ಉತ್ತಮ. ಮದುವೆಯ ನಂತರ ಹೆಸರು ಬದಲಿಸಿಕೊಂಡವರು ಹಳೆಯ ಹೆಸರಿನ ಪ್ರಕಟಣೆಗಳನ್ನು ಬಿಡಬೇಕಿಲ್ಲ. ಎರಡೂ ಹೆಸರನ್ನು ಸಿವಿಯ ಮೇಲ್ಭಾಗದಲ್ಲಿ ಕೊಟ್ಟರೆ ಆಯಿತು. ಹೆಸರು ಬದಲಾವಣೆಯ ಅಫಿಡವಿಟ್ ಅಥವಾ ಗೆಜೆಟ್ ಪ್ರತಿ ಇದ್ದರೆ ಸಂದರ್ಶನದ ಕಡತದಲ್ಲಿ ಇರಲಿ.

ಆರ್ಕಿಡ್ ಎಂಬ ಅಂತಾರಾಷ್ಟ್ರೀಯ ವ್ಯವಸ್ಥೆ 2012ರಿಂದ ಸಂಶೋಧಕರಿಗೆ 16 ಸ್ಥಾನಗಳ ಗುರುತು ಸಂಖ್ಯೆಯನ್ನು ಉಚಿತವಾಗಿ ನೀಡುತ್ತಿದೆ. ಹೆಸರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಒಂದೇ ಹೆಸರಿನ ಹತ್ತಾರು ಮಂದಿ ಇರುವಾಗ ಇದರ ಉಪಯೋಗ ದೊಡ್ಡದು. ಹೆಸರಿನ ಕೆಳಗೆ ಈ ಸಂಖ್ಯೆ, ಇಮೇಲ್, ಮೊಬೈಲ್ ಸಂಖ್ಯೆ ಮತ್ತು ಊರು ಇದ್ದರೆ ಸಾಕು.

ಶಿಕ್ಷಣ ಮತ್ತು ಅರ್ಹತಾ ಪರೀಕ್ಷೆ

ಇತ್ತೀಚಿನ ಪದವಿ ಮೊದಲು, ಹಳೆಯದು ಕೊನೆಗೆ. ಪ್ರತಿ ಪದವಿಗೆ ವಿಷಯ, ಸಂಸ್ಥೆ, ವಿಶ್ವವಿದ್ಯಾಲಯ, ವರ್ಷ, ಪಡೆದ ಶೇಕಡಾವಾರು ಅಂಕ ಅಥವಾ ಸಿಜಿಪಿಎ ಇರಬೇಕು. ಸಿಜಿಪಿಎ ಬರೆದಾಗ ಅದು ಎಷ್ಟರಲ್ಲಿ ಎಷ್ಟು ಎಂಬುದನ್ನೂ ಹೇಳಬೇಕು. ಶೇಕಡಾವಾರಿಗೆ ಪರಿವರ್ತಿಸುವುದಾದರೆ ಆಯಾ ವಿಶ್ವವಿದ್ಯಾಲಯವೇ ನಿಗದಿಪಡಿಸಿದ ಸೂತ್ರವನ್ನು ಬಳಸಬೇಕು. ಸಂಯೋಜಿತ ಕಾಲೇಜಿನಲ್ಲಿ ಓದಿದವರು ಕಾಲೇಜಿನ ಹೆಸರಿನ ಜೊತೆ ಪದವಿ ನೀಡಿದ ವಿಶ್ವವಿದ್ಯಾಲಯದ ಹೆಸರನ್ನೂ ಬರೆಯುವುದು ಕಡ್ಡಾಯ ಎಂದೇ ತಿಳಿಯಬೇಕು.

ಸ್ನಾತಕೋತ್ತರ ಪ್ರಬಂಧ ಅಥವಾ ಪಿಎಚ್‌ಡಿ ಮಹಾಪ್ರಬಂಧವಿದ್ದರೆ ಅದರ ಶೀರ್ಷಿಕೆ, ಮಾರ್ಗದರ್ಶಕರ ಹೆಸರು ಪದವಿಯ ಕೆಳಗೆ ಬರಬೇಕು. ಪಿಎಚ್‌ಡಿ ನಡೆಯುತ್ತಿದ್ದರೆ ನೋಂದಣಿಯ ವರ್ಷ ಬರೆದು ‘ಮುಂದುವರಿಯುತ್ತಿದೆ’ ಎಂದೋ, ಪ್ರಬಂಧ ಒಪ್ಪಿಸಿದ್ದರೆ ‘ಸಲ್ಲಿಸಲಾಗಿದೆ’ ಎಂದೋ ಸೂಚಿಸಬೇಕು. ಮೌಖಿಕ ಪರೀಕ್ಷೆ ಮುಗಿದು ಅಧಿಸೂಚನೆ ಬರುವವರೆಗೆ ಹೆಸರಿನ ಹಿಂದೆ ‘ಡಾ.’ ಹಾಕುವಂತಿಲ್ಲ. ಭಾರತದ ಮಹಾಪ್ರಬಂಧಗಳು ‘ಶೋಧಗಂಗಾ’ ಎಂಬ ಜಾಲಭಂಡಾರದಲ್ಲಿ ಎಲ್ಲರಿಗೂ ಸಿಗುವುದರಿಂದ ಶೀರ್ಷಿಕೆಯನ್ನು ಒಂದಕ್ಷರವೂ ಬದಲಿಸದೆ ಬರೆಯುವುದು ಒಳಿತು.

ನೆಟ್ ಮತ್ತು ಕೆ-ಸೆಟ್ ಅರ್ಹತೆಯನ್ನು ಶಿಕ್ಷಣದ ಪಟ್ಟಿಯೊಳಗೆ ಸೇರಿಸದೆ ಪ್ರತ್ಯೇಕ ಶೀರ್ಷಿಕೆಯಲ್ಲಿ ಮೊದಲ ಪುಟದಲ್ಲೇ ಕೊಡಬೇಕು. ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ ಎಂದು ಯುಜಿಸಿ 2023ರ ತಿದ್ದುಪಡಿಯಲ್ಲಿ ಹೇಳಿದೆ. ಕೆ-ಸೆಟ್ ಪರೀಕ್ಷೆಯನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. 2024ರಿಂದ ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆಆರ್‌ಎಫ್ ಮತ್ತು ಸಹಾಯಕ ಪ್ರಾಧ್ಯಾಪಕ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ, ಪಿಎಚ್‌ಡಿ ಪ್ರವೇಶ ಮಾತ್ರ. ಮೂರನೇ ವರ್ಗದವರು ‘ನೆಟ್ ಪಾಸ್’ ಎಂದಷ್ಟೇ ಬರೆದರೆ ಅದು ತಪ್ಪು ತಿಳಿವಳಿಕೆಗೆ ದಾರಿ. ವರ್ಗ, ವಿಷಯ, ತಿಂಗಳು ಮತ್ತು ವರ್ಷವನ್ನು ಪೂರ್ಣವಾಗಿ ನಮೂದಿಸಬೇಕು.

ಸಮಾಜದಲ್ಲಿ ಚಾರ್ಟರ್ಡ್ ಅಕೌಂಟೆನ್ಸಿ ಓದಿದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಸಿಎ, ಸಿಎಸ್ ಮತ್ತು ಕಾಸ್ಟ್ ಅಕೌಂಟೆನ್ಸಿ ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಯುಜಿಸಿ 2021ರಲ್ಲಿ ಒಪ್ಪಿದೆ. ವಾಣಿಜ್ಯ ವಿಭಾಗಕ್ಕೆ ಅರ್ಜಿ ಹಾಕುವ ಸಿಎ ಅಭ್ಯರ್ಥಿ ಅದನ್ನು ಶಿಕ್ಷಣದ ಶೀರ್ಷಿಕೆಯಲ್ಲೇ ಬರೆದು, ಆರ್ಟಿಕಲ್‌ಶಿಪ್ ಅವಧಿಯನ್ನು ವೃತ್ತಿ ಅನುಭವದಡಿ ಬೇರೆಯಾಗಿ ತೋರಿಸಬೇಕು. ಅದು ಬೋಧನಾನುಭವದ ಲೆಕ್ಕಕ್ಕೆ ಸೇರುವುದಿಲ್ಲ.

ಓದಿನ ನಡುವೆ ಒಂದೆರಡು ವರ್ಷ ಮನೆಯ ಅಂಗಡಿ, ತೋಟ ನೋಡಿಕೊಂಡವರೂ ಇದ್ದಾರೆ. ಈ ಬಿಡುವನ್ನು ಮುಚ್ಚಿಡಲು ವರ್ಷಗಳನ್ನು ಎಳೆದು ಹೊಂದಿಸುವ ಅಗತ್ಯವಿಲ್ಲ. ‘2019–2021: ಕುಟುಂಬದ ಜವಳಿ ವ್ಯಾಪಾರ, ಲೆಕ್ಕಪತ್ರ ಮತ್ತು ಜಿಎಸ್‌ಟಿ ರಿಟರ್ನ್ಸ್ ನಿರ್ವಹಣೆ’ ಎಂಬಂಥ ಒಂದು ಸಾಲು ಸಾಕು. ವಾಣಿಜ್ಯ, ನಿರ್ವಹಣಾ ಶಾಸ್ತ್ರದ ವಿಭಾಗಗಳಲ್ಲಿ ಅದು ಉಪಯುಕ್ತ ಅನುಭವವೂ ಹೌದು.

ಸಂಶೋಧನೆ ಮತ್ತು ಪ್ರಕಟಣೆ

ಸಂಶೋಧನೆಯ ಬಗ್ಗೆ ಬರೆಯುವಾಗ ವಿಶೇಷಣಗಳಿಗಿಂತ ವಿವರಗಳು ಕೆಲಸಕ್ಕೆ ಬರುತ್ತವೆ. ‘ಹಸ್ತಪ್ರತಿ ಅಧ್ಯಯನದಲ್ಲಿ ಅಪಾರ ಅನುಭವ’ ಎಂಬ ಸಾಲಿನಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಯಾವ ಭಂಡಾರದಲ್ಲಿ, ಯಾವ ವರ್ಷ, ಎಷ್ಟು ತಾಳೆಗರಿಗಳ ಪ್ರತಿ, ಯಾವ ಲಿಪಿ, ಯಾವ ಭಾಷೆ, ಮಾಡಿದ ಕೆಲಸ ಸೂಚಿ ತಯಾರಿಕೆಯೋ ಪಾಠಾಂತರಗಳ ಹೋಲಿಕೆಯೋ ಡಿಜಿಟಲ್ ಚಿತ್ರಗ್ರಹಣವೋ ಎಂದು ಬರೆದರೆ ಆ ಕೆಲಸ ಬಲ್ಲವರು ಅಭ್ಯರ್ಥಿಯನ್ನು ಕೂಡಲೇ ಗುರುತಿಸುತ್ತಾರೆ. ಮೂಡುಬಿದಿರೆ, ಶ್ರವಣಬೆಳಗೊಳದ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗೆ ಅನ್ವಯಿಸುವ ಈ ಮಾತು ಪ್ರಯೋಗಾಲಯದಲ್ಲಿ ದುಡಿಯುವ ಜೀವರಸಾಯನ ವಿದ್ಯಾರ್ಥಿಗೂ ಅಷ್ಟೇ ಅನ್ವಯ. ಯಾವ ಉಪಕರಣ, ಎಷ್ಟು ಮಾದರಿ, ತನ್ನ ಪಾಲಿನ ಕೆಲಸ ಯಾವುದು ಎಂಬುದೇ ಮುಖ್ಯ.

ಪ್ರಕಟಣೆಗಳನ್ನು ಬಗೆಬಗೆಯಾಗಿ ವಿಂಗಡಿಸಬೇಕು. ವಿಷಯತಜ್ಞರ ಪರಿಶೀಲನೆಗೆ ಒಳಪಟ್ಟ ಸಂಶೋಧನಾ ಪತ್ರಿಕೆಯ ಲೇಖನಗಳು ಮೊದಲು. ನಂತರ ಪುಸ್ತಕಗಳು, ಪುಸ್ತಕದ ಅಧ್ಯಾಯಗಳು, ಸಂಪಾದನೆ, ಅನುವಾದ, ವಿಚಾರ ಸಂಕಿರಣದ ಪ್ರಬಂಧಗಳು. ದಿನಪತ್ರಿಕೆ, ಮಾಸಪತ್ರಿಕೆಗಳ ಲೇಖನಗಳಿಗೆ ಕೊನೆಯಲ್ಲಿ ‘ಜನಪ್ರಿಯ ಬರಹ’ ಎಂಬ ಬೇರೆ ಶೀರ್ಷಿಕೆ. ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ‘ಒಟ್ಟು 22 ಪ್ರಕಟಣೆಗಳು’ ಎಂದರೆ ಪರಿಶೀಲಕರು ತಾವೇ ಬೇರ್ಪಡಿಸಿ ನೋಡುತ್ತಾರೆ. ಆಗ ಉಳಿದ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ.

ಪ್ರತಿ ಲೇಖನಕ್ಕೂ ಎಲ್ಲ ಲೇಖಕರ ಹೆಸರು ಮುದ್ರಿತ ಕ್ರಮದಲ್ಲೇ ಇರಬೇಕು. ವರ್ಷ, ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ, ಇದ್ದರೆ ಡಿಒಐ ಸಂಖ್ಯೆ ಬರಬೇಕು. ಅಭ್ಯರ್ಥಿ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ತೋರಿಸಬಹುದು, ಆದರೆ ಮೂರನೆಯದಾಗಿದ್ದ ಹೆಸರನ್ನು ಮೊದಲಿಗೆ ತರುವಂತಿಲ್ಲ.

ಲೇಖನದ ಸ್ಥಿತಿಯನ್ನು ಹೇಳುವ ಪದಗಳಲ್ಲಿ ಹೆಚ್ಚು ಎಚ್ಚರ ಬೇಕು. ‘ಪ್ರಕಟಿತ’ ಎಂದರೆ ಅಚ್ಚಾದದ್ದು ಅಥವಾ ಜಾಲದಲ್ಲಿ ಬಂದದ್ದು. ‘ಸ್ವೀಕೃತ’ ಎಂದರೆ ಸಂಪಾದಕರ ಒಪ್ಪಿಗೆ ಪತ್ರ ಕೈಯಲ್ಲಿರುವುದು. ‘ಪರಿಶೀಲನೆಯಲ್ಲಿ’ ಎಂದರೆ ಕಳುಹಿಸಿ ಉತ್ತರಕ್ಕೆ ಕಾಯುತ್ತಿರುವುದು. ‘ಸಿದ್ಧತೆಯಲ್ಲಿ’ ಎಂಬುದಕ್ಕೆ ಕರಡಾದರೂ ಇರಬೇಕು; ಒಂದೆರಡಕ್ಕಿಂತ ಹೆಚ್ಚು ಇಂಥವು ಬೇಡ. ಪರಿಶೀಲನೆಯಲ್ಲಿರುವ ಲೇಖನವನ್ನು ಪ್ರಕಟಿತದ ಪಟ್ಟಿಗೆ ಸೇರಿಸುವುದು ಸಣ್ಣ ವಿಷಯವೆಂದು ಕಂಡರೂ, ಸಂದರ್ಶನದಲ್ಲಿ ಪ್ರತಿ ಕೇಳಿದಾಗ ಉತ್ತರವಿರುವುದಿಲ್ಲ. ಆ ಒಂದು ಸಾಲಿನಿಂದ ಉಳಿದ ಇಪ್ಪತ್ತು ನಿಜವಾದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ದುಡ್ಡು ಪಡೆದು, ಯಾರೂ ಓದದೆ, ಕೆಲವೇ ದಿನಗಳಲ್ಲಿ ‘ಅಂತಾರಾಷ್ಟ್ರೀಯ’ ಪತ್ರಿಕೆಯಲ್ಲಿ ಲೇಖನ ಹಾಕಿಕೊಡುವ ದಂಧೆ ವಿದ್ಯಾರ್ಥಿಗಳ ಮೊಬೈಲಿಗೇ ಬರುತ್ತದೆ. ಇದನ್ನು ತಡೆಯಲೆಂದು ಯುಜಿಸಿ ‘ಕೇರ್’ ಪಟ್ಟಿಯನ್ನು ನಡೆಸುತ್ತಿತ್ತು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನು ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ಅಳೆಯಲು ಸೂಚಕ ಮಾನದಂಡಗಳನ್ನು ಪ್ರಕಟಿಸಿತು. ಹಾಗಾಗಿ ಪತ್ರಿಕೆಯನ್ನು ಪರಖಿಸುವ ಹೊಣೆ ಈಗ ಸಂಸ್ಥೆ ಮತ್ತು ಲೇಖಕರ ಮೇಲೆ ಹೆಚ್ಚಾಗಿ ಬಿದ್ದಿದೆ. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಅವರ ವಿಳಾಸ ನಿಜವೇ, ಹಿಂದಿನ ಸಂಚಿಕೆಗಳ ಲೇಖನಗಳು ಹೇಗಿವೆ, ಪರಿಶೀಲಕರ ಟಿಪ್ಪಣಿ ಬರುತ್ತದೆಯೇ ಎಂದು ನೋಡಬೇಕು. ಮಾರ್ಗದರ್ಶಕರನ್ನು ಕೇಳದೆ ಹಣ ಕಟ್ಟಬಾರದು. ಮನೆಯವರಿಗೆ ಇದು ಇನ್ನೊಂದು ಶುಲ್ಕದಂತೆ ಕಾಣಬಹುದು, ಆದರೆ ಅಂಥ ಲೇಖನ ಸಿವಿಯಲ್ಲಿ ಕಾಯಂ ಆಗಿ ಉಳಿದುಬಿಡುತ್ತದೆ.

ಸಂಪಾದನೆಯೂ ಸಂಶೋಧನೆಯೇ. ಪ್ರಾಕೃತ, ಸಂಸ್ಕೃತ, ಹಳಗನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಮರೆಯಬಾರದು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಜನಿಸಿದ ಡಾ. ಎ.ಎನ್. ಉಪಾಧ್ಯೆ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದಲ್ಲಿ ಪ್ರಾಧ್ಯಾಪಕರಾದರು. ಅವರ ಖ್ಯಾತಿ ಬಹುಮಟ್ಟಿಗೆ ನಿಂತಿರುವುದು ಸಂಪಾದಿಸಿದ ಗ್ರಂಥಗಳ ಮೇಲೆ: ಕುಂದಕುಂದಾಚಾರ್ಯರ ‘ಪ್ರವಚನಸಾರ’ 1935ರಲ್ಲಿ, ಹರಿಷೇಣನ ‘ಬೃಹತ್ಕಥಾಕೋಶ’ 1943ರಲ್ಲಿ, ಉದ್ದ್ಯೋತನಸೂರಿಯ ‘ಕುವಲಯಮಾಲಾ’ದ ಮೊದಲ ಭಾಗ 1959ರಲ್ಲಿ ಹೊರಬಂದವು. ಇಂಥ ಕೆಲಸವನ್ನು ಸಿವಿಯಲ್ಲಿ ದಾಖಲಿಸುವಾಗ ಮೂಲಗ್ರಂಥ, ಮೂಲಕರ್ತೃ, ಬಳಸಿದ ಪ್ರತಿಗಳು, ಮಾಲಿಕೆ, ಪ್ರಕಾಶಕರು, ವರ್ಷ ಎಲ್ಲವೂ ಬರಬೇಕು. ಸಹಸಂಪಾದಕರಾಗಿದ್ದರೆ ಆ ಮಾತೂ ಇರಬೇಕು.

ಬೋಧನಾನುಭವ

ಹುದ್ದೆ, ಸಂಸ್ಥೆ, ಸೇರಿದ ಮತ್ತು ಬಿಟ್ಟ ದಿನಾಂಕ, ಬೋಧಿಸಿದ ವಿಷಯಗಳು, ತರಗತಿ. ಇಷ್ಟು ಪ್ರತಿ ಅನುಭವಕ್ಕೂ ಬೇಕು. ಪೂರ್ಣಾವಧಿಯೋ, ಅರೆಕಾಲಿಕವೋ, ಅತಿಥಿ ಉಪನ್ಯಾಸಕ ಹುದ್ದೆಯೋ ಎಂಬುದನ್ನು ಮರೆಮಾಚದೆ ಬರೆಯಬೇಕು. ಅತಿಥಿ ಉಪನ್ಯಾಸಕರಾಗಿ ದುಡಿದಿರುವುದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ವಾರಕ್ಕೆ ಎಷ್ಟು ಗಂಟೆ, ಯಾವ ಪಠ್ಯ, ಪ್ರಶ್ನೆಪತ್ರಿಕೆ ಅಥವಾ ಮೌಲ್ಯಮಾಪನದ ಕೆಲಸ ಮಾಡಿದ್ದುಂಟೇ ಎಂದು ವಿವರಿಸಿದರೆ ಅದೇ ಗಟ್ಟಿ ಅನುಭವವಾಗಿ ಕಾಣುತ್ತದೆ. ಒಂದು ಸಂಸ್ಥೆಯನ್ನು ಬಿಡುವಾಗಲೇ ಅನುಭವ ಪತ್ರವನ್ನು ಕೇಳಿ ಪಡೆಯಬೇಕು. ನೇಮಕಾತಿ ಆದೇಶ, ಸಂಬಳದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ವರ್ಷಕ್ಕೆ 2 ಅಂಕ ಎಂಬ ಲೆಕ್ಕ ನಿಲ್ಲುವುದು ಈ ಕಾಗದಗಳ ಮೇಲೆ.

ಟ್ಯೂಷನ್, ಕೋಚಿಂಗ್ ಕೇಂದ್ರದ ಪಾಠ, ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದು ಬೇರೆ ಶೀರ್ಷಿಕೆಗೆ ಹೋಗಬೇಕು. ಕಾಲೇಜು ಬೋಧನೆಯ ಜೊತೆ ಅವನ್ನು ಕೂಡಿಸಿ ‘ಏಳು ವರ್ಷದ ಅನುಭವ’ ಎನ್ನುವುದು ಸರಿಯಲ್ಲ.

ಪ್ರಶಸ್ತಿ, ಸನ್ಮಾನ, ವಿದ್ಯಾರ್ಥಿವೇತನ

ರ‍್ಯಾಂಕ್, ಚಿನ್ನದ ಪದಕ, ಅಕಾಡೆಮಿಗಳ ಬಹುಮಾನ, ಸಂಶೋಧನಾ ಫೆಲೋಶಿಪ್‌ಗಳನ್ನು ನೀಡಿದ ಸಂಸ್ಥೆ ಮತ್ತು ವರ್ಷದೊಂದಿಗೆ ಬರೆಯಬೇಕು. ಸಮಾಜದ ಸಭೆಯಲ್ಲಿ ಪ್ರತಿಭಾ ಪುರಸ್ಕಾರ ಪಡೆದದ್ದು, ಸಂಘದ ಸನ್ಮಾನ, ಚಾತುರ್ಮಾಸದ ಸಂದರ್ಭದ ಸ್ಪರ್ಧೆಯ ಬಹುಮಾನ ಮನೆಗೆ ಹೆಮ್ಮೆಯ ವಿಷಯ. ಆದರೆ ಯುಜಿಸಿ ಅಂಕ ಕೊಡುವುದು ಅಂತಾರಾಷ್ಟ್ರೀಯ, ರಾಷ್ಟ್ರೀಯ ಮತ್ತು ರಾಜ್ಯಮಟ್ಟದ ಮಾನ್ಯ ಪ್ರಶಸ್ತಿಗಳಿಗೆ. ಸನ್ಮಾನವನ್ನು ‘ರಾಷ್ಟ್ರೀಯ ಪ್ರಶಸ್ತಿ’ ಎಂದು ಏರಿಸುವುದು ಬೇಡ. ಸಮಾಜ ಸೇವೆಯಲ್ಲಿ ನಿಜವಾದ ಹೊಣೆ ಹೊತ್ತಿದ್ದರೆ, ಉದಾಹರಣೆಗೆ ಗ್ರಂಥಾಲಯದ ನಿರ್ವಹಣೆ ಅಥವಾ ಶಿಬಿರದ ಸಂಚಾಲನೆ, ಕೊನೆಯಲ್ಲಿ ಎರಡು ಸಾಲು ಬರೆಯಬಹುದು.

ಜೈನ ಸಮುದಾಯವನ್ನು ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ. ಈ ಪ್ರಮಾಣಪತ್ರ ವಿದ್ಯಾರ್ಥಿವೇತನದ ಅರ್ಜಿಗೆ, ಅಲ್ಪಸಂಖ್ಯಾತ ಸಂಸ್ಥೆಗಳ ಪ್ರವೇಶಕ್ಕೆ ಬೇಕಾಗುತ್ತದೆ. ಅದನ್ನು ಅರ್ಜಿಯ ನಿಗದಿತ ಕಾಲಂನಲ್ಲಿ ತೋರಿಸಬೇಕು, ಸಿವಿಯಲ್ಲಿ ಧರ್ಮ, ಜಾತಿಯ ಕಾಲಂ ಬೇಕಿಲ್ಲ. ರಾಜ್ಯ ಅಲ್ಪಸಂಖ್ಯಾತರ ನಿರ್ದೇಶನಾಲಯದ ಪಿಎಚ್‌ಡಿ ಫೆಲೋಶಿಪ್ ಪಡೆದವರು ಅದರ ಹೆಸರು ಮತ್ತು ಅವಧಿಯನ್ನು ಫೆಲೋಶಿಪ್‌ಗಳ ಪಟ್ಟಿಯಲ್ಲಿ ಸಹಜವಾಗಿ ಸೇರಿಸಬಹುದು.

ಶಿಫಾರಸು ನೀಡುವವರು

ಸಿವಿಯ ಕೊನೆಗೆ ಇಬ್ಬರು ಅಥವಾ ಮೂವರು ರೆಫರಿಗಳ ಹೆಸರು, ಹುದ್ದೆ, ಸಂಸ್ಥೆಯ ಇಮೇಲ್ ಕೊಡುವ ಪದ್ಧತಿಯಿದೆ. ಇವರು ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಕಂಡ ಅಧ್ಯಾಪಕರಾಗಿರಬೇಕು. ಕುಟುಂಬದ ಪರಿಚಯಸ್ಥರು ಎಷ್ಟೇ ದೊಡ್ಡ ಸ್ಥಾನದಲ್ಲಿದ್ದರೂ, ಅಭ್ಯರ್ಥಿಯ ಪ್ರಬಂಧ ಓದಿರದಿದ್ದರೆ ಅವರ ಮಾತಿಗೆ ಸಮಿತಿಯಲ್ಲಿ ತೂಕವಿಲ್ಲ. ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ಪಡೆದು, ಸಿವಿಯ ಪ್ರತಿ ಮತ್ತು ಹುದ್ದೆಯ ವಿವರ ಕಳುಹಿಸುವುದು ಸೌಜನ್ಯ. ಶಿಫಾರಸು ಪತ್ರ ಬರೆಯಲು ಅವರಿಗೆ ಎರಡು ಮೂರು ವಾರ ಸಮಯ ಕೊಡಬೇಕು.

ವಿದೇಶಕ್ಕೆ ಅರ್ಜಿ ಹಾಕುವಾಗ

ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಸಿವಿಯಲ್ಲಿ ಭಾವಚಿತ್ರ, ಜನ್ಮದಿನಾಂಕ, ಧರ್ಮ, ವೈವಾಹಿಕ ಸ್ಥಿತಿ ಬರೆಯುವ ರೂಢಿಯಿಲ್ಲ. ಯುರೋಪಿನ ಕೆಲವು ಸಂಸ್ಥೆಗಳು ‘ಯೂರೋಪಾಸ್’ ನಮೂನೆಯನ್ನು ಒಪ್ಪುತ್ತವೆ, ಕೇಳಿದ್ದರೆ ಮಾತ್ರ ಅದನ್ನು ಬಳಸಬೇಕು. ಪ್ರಥಮ ದರ್ಜೆ, ಡಿಸ್ಟಿಂಕ್ಷನ್, ರ‍್ಯಾಂಕ್ ಎಂಬ ನಮ್ಮ ಪದಗಳು ಅಲ್ಲಿಯವರಿಗೆ ತಿಳಿಯದಿರಬಹುದು. ‘ವಿಶ್ವವಿದ್ಯಾಲಯಕ್ಕೆ ಮೂರನೇ ಸ್ಥಾನ’ ಎಂದು ಬಿಡಿಸಿ ಹೇಳುವುದು ಮೇಲು. ಇಂಗ್ಲಿಷ್ ಸಿವಿಯಲ್ಲಿ ಕನ್ನಡ ಲೇಖನದ ಶೀರ್ಷಿಕೆಯನ್ನು ಬಿಡದೆ, ರೋಮನ್ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅದರ ಅನುವಾದ ಕೊಡಬೇಕು. ಕನ್ನಡ, ಪ್ರಾಕೃತ, ಗುಜರಾತಿ, ಹಿಂದಿ ಬಲ್ಲವರು ಓದು, ಬರಹ, ಮಾತು ಇವುಗಳಲ್ಲಿ ಯಾವುದು ಎಷ್ಟು ಬರುತ್ತದೆ ಎಂದು ಬೇರೆ ಬೇರೆಯಾಗಿ ಸೂಚಿಸಿದರೆ ಇತಿಹಾಸ, ಭಾಷೆ, ಧರ್ಮ ಅಧ್ಯಯನದ ವಿಭಾಗಗಳಲ್ಲಿ ಅದು ದೊಡ್ಡ ಬಲ.

ಅಕ್ಷರ, ಪುಟ, ಕಡತ

ಒಂದೇ ಅಕ್ಷರ ಶೈಲಿ, ಓದಲು ಸುಲಭವಾದ ಗಾತ್ರ, ಸಾಕಷ್ಟು ಅಂಚು. ಬಣ್ಣದ ಪಟ್ಟಿ, ನಕ್ಷತ್ರದ ಗುರುತಿನಲ್ಲಿ ಕೌಶಲ ತೋರಿಸುವ ಚಿತ್ರಗಳು ಬೇಡ. ಪ್ರತಿ ಪುಟದಲ್ಲೂ ಹೆಸರು ಮತ್ತು ಪುಟಸಂಖ್ಯೆ ಇರಲಿ. ಮುದ್ರಿಸಿದಾಗ ಹಾಳೆಗಳು ಬೇರೆಯಾದರೂ ಗುರುತು ಸಿಗುತ್ತದೆ.

ಕನ್ನಡದಲ್ಲಿ ಸಿವಿ ಸಲ್ಲಿಸುವವರು ಯುನಿಕೋಡ್ ಅಕ್ಷರಗಳನ್ನೇ ಬಳಸಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಕಳುಹಿಸುವಾಗ ಪಿಡಿಎಫ್ ಮಾಡಿ, ಇನ್ನೊಬ್ಬರ ಮೊಬೈಲಿನಲ್ಲಿ ತೆರೆದು ನೋಡಬೇಕು. ಕಡತಕ್ಕೆ ‘ಹೊಸ ಸಿವಿ ಕೊನೆಯದು 2’ ಎಂಬಂಥ ಹೆಸರು ಬೇಡ. ಅಭ್ಯರ್ಥಿಯ ಹೆಸರು ಮತ್ತು ವರ್ಷ ಇರಲಿ.

ಮನೆಯವರು ಮಾಡಬಹುದಾದ ಸಹಾಯ

ಪೋಷಕರಿಗೆ ವಿಷಯ ತಿಳಿದಿರಲೇಬೇಕೆಂದಿಲ್ಲ. ಒಂದು ಕಡತ ಮಾಡಿ ಅದರಲ್ಲಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ನೆಟ್ ಅಥವಾ ಕೆ-ಸೆಟ್ ಪತ್ರ, ಪ್ರತಿ ಲೇಖನದ ಮೊದಲ ಪುಟ, ಒಪ್ಪಿಗೆ ಪತ್ರಗಳು, ಅನುಭವ ಪತ್ರಗಳನ್ನು ಸಿವಿಯಲ್ಲಿ ಬರುವ ಕ್ರಮದಲ್ಲೇ ಜೋಡಿಸಲು ನೆರವಾಗಬಹುದು. ನಂತರ ಮನೆಯ ಒಬ್ಬರು ಸಿವಿಯ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಬೇಕು, ಅಭ್ಯರ್ಥಿ ಪ್ರತಿ ಸಾಲಿಗೂ ಕಡತದಿಂದ ಕಾಗದ ತೆಗೆದು ತೋರಿಸಬೇಕು. ಅಂಗಡಿಯಲ್ಲಿ ಖಾತೆ ಪುಸ್ತಕವನ್ನು ರಶೀದಿಗಳೊಂದಿಗೆ ತಾಳೆ ನೋಡುವ ಕೆಲಸದಂತೆಯೇ ಇದು. ಕಾಗದ ಸಿಗದ ಸಾಲಿಗೆ ದಾಖಲೆ ಹುಡುಕಬೇಕು, ಇಲ್ಲವಾದರೆ ಸಾಲನ್ನು ತೆಗೆಯಬೇಕು.

ಹೀಗೆ ತಾಳೆ ನೋಡಿದ ಸಿವಿ ಕೆಲವೊಮ್ಮೆ ನಾಲ್ಕು ಪುಟದಿಂದ ಎರಡೂವರೆ ಪುಟಕ್ಕೆ ಇಳಿಯುತ್ತದೆ. ಅದರಿಂದ ಗಾಬರಿಯಾಗಬೇಕಿಲ್ಲ. ಉಳಿದ ಪ್ರತಿ ಸಾಲಿನ ಬಗ್ಗೆಯೂ ಅಭ್ಯರ್ಥಿ ಐದು ನಿಮಿಷ ನಿರಾತಂಕವಾಗಿ ಮಾತಾಡಬಲ್ಲ. ಮುಂದೆ ವರ್ಷಕ್ಕೆ ಎರಡು ಬಾರಿ, ಸೆಮಿಸ್ಟರ್ ಮುಗಿದಾಗ, ಹೊಸ ಕೆಲಸಗಳನ್ನು ಸೇರಿಸುತ್ತಾ ಹೋದರೆ ಅಧಿಸೂಚನೆ ಹೊರಬಿದ್ದ ದಿನ ರಾತ್ರಿಯೆಲ್ಲ ಕೂತು ನೆನಪು ಮಾಡಿಕೊಳ್ಳುವ ಪಾಡು ಇರುವುದಿಲ್ಲ.